ಮಿರ್ದಿಫ್‌ನಲ್ಲಿ ಕೂತ ಅಭ್ಯರ್ಥಿ

ನನ್ನ ಗಂಡ ಮಾತಿಲ್ಲದ ಮನುಷ್ಯ. ಮದುವೆಯಾಗಿ ದುಬೈಯ ಅಲ್ ಕುಸೈಸ್‌ನ ಫ್ಲ್ಯಾಟಿಗೆ ಬಂದ ಹೊಸದರಲ್ಲಿ ಅದನ್ನು ಗಾಂಭೀರ್ಯ ಎಂದುಕೊಂಡಿದ್ದೆ. ಮಗಳು ಶಾಲೆಗೆ ಹೋಗುವ ಹೊತ್ತಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ‘ಹೂಂ’, ‘ಆಯ್ತು’, ‘ನೋಡುವ’ ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಅವರು ನನ್ನ ಜೊತೆ ಮನಸ್ಸು ಬಿಚ್ಚಿ ನಾಲ್ಕು ಮಾತಾಡಬೇಕೆಂಬ ಆಸೆ ಬಿಟ್ಟರೆ ಇಲ್ಲಿ ನನಗೆ ಬೇರೆ ಕೊರತೆ ಇರಲಿಲ್ಲ.

ಆ ವರ್ಷ ಊರಲ್ಲಿ ವಿಧಾನ ಪರಿಷತ್ತಿನ ಚುನಾವಣೆ, ನಮ್ಮ ಕಡೆಯ ಪದವೀಧರ ಕ್ಷೇತ್ರಕ್ಕೆ. ಪದವಿ ಇದ್ದರೂ ಇಲ್ಲಿ ಕೂತ ನಮಗೆ ಮತ ಹಾಕಲಾಗದು. ಹಾಗೆಂದು ಸುಮ್ಮನಿರುವ ಜಾಯಮಾನ ನಮ್ಮದಲ್ಲ. ಶುಕ್ರವಾರ ಮಧ್ಯಾಹ್ನ ಇಲ್ಲೇ ಮಿರ್ದಿಫ್ ಬಡಾವಣೆಯಲ್ಲಿ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಂಗಳೂರಿನ ಸ್ನೇಹಿತರ ಮನೆಯಲ್ಲಿ ಅವರು, ನಾವು, ಹುಬ್ಬಳ್ಳಿಯ ಒಬ್ಬ ಎಂಜಿನಿಯರು ಹೀಗೆ ಮೂರು ಸಂಸಾರ ಊಟಕ್ಕೆ ಸೇರುತ್ತಿದ್ದೆವು. ಊಟದ ಮೇಲೆ ಅಭ್ಯರ್ಥಿಗಳ ಹೋಲಿಕೆ. ಅದಕ್ಕೆ ನಮ್ಮದೇ ಪದ್ಧತಿ: ಗಂಡಸರು ಒಬ್ಬೊಬ್ಬ ಅಭ್ಯರ್ಥಿಯಾಗಿ ಕುರ್ಚಿಯಲ್ಲಿ ಕೂತು, ಚಹಾ ಬರುವವರೆಗೆ ‘ನಾನು’ ಎಂದೇ ಉತ್ತರ ಕೊಡಬೇಕು. ಪಕ್ಷದವರನ್ನೆಲ್ಲ ಉಳಿದವರು ಹಂಚಿಕೊಂಡರು. ಯಾರಿಗೂ ಬೇಡವಾದ ಪಕ್ಷೇತರ, ಒಬ್ಬ ನಿವೃತ್ತ ಹೆಡ್‌ಮಾಸ್ಟರು, ನನ್ನ ಗಂಡನ ಪಾಲಿಗೆ ಬಂದರು.

ಈ ಮೇಷ್ಟ್ರಿಗೆ ಹಣವಿಲ್ಲ, ಬ್ಯಾನರಿಲ್ಲ. ವಾಟ್ಸಾಪ್ ಗ್ರೂಪುಗಳಲ್ಲಿ ಧ್ವನಿ ಸಂದೇಶ ಕಳಿಸುವುದೇ ಅವರ ಪ್ರಚಾರ; ಊರಿನ ಗ್ರೂಪಿನಿಂದ ನಮ್ಮೆಲ್ಲರ ಫೋನಿಗೂ ಬರುತ್ತಿದ್ದವು. ನನ್ನ ಗಂಡ ಅವನ್ನು ಕಾರಿನಲ್ಲಿ ಹೋಗುತ್ತಾ ಬರುತ್ತಾ ಕೇಳಿದರು. ಮೊದಲ ಶುಕ್ರವಾರವೇ ಕುರ್ಚಿಯಲ್ಲಿ ನೆಟ್ಟಗೆ ಕೂತು, “ಕೇಳಿ. ಮೇಲ್ಮನೆಯೆಂದರೆ ಸೋತವರ ವಿಶ್ರಾಂತಿಗೃಹವಲ್ಲ. ಅವಸರದಲ್ಲಿ ಮಾಡಿದ ಕಾನೂನನ್ನು ಇನ್ನೊಮ್ಮೆ ಓದುವ ಜಾಗ,” ಎಂದು ಶುರುಮಾಡಿದವರು ಚಹಾ ಬರುವವರೆಗೂ ನಿಲ್ಲಿಸಲಿಲ್ಲ. ಥೇಟ್ ಮೇಷ್ಟ್ರದೇ ದನಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನಂತೂ ಹಿಗ್ಗಿ ಹೀರೇಕಾಯಿಯಾದೆ.

ತೊಂದರೆಯೆಂದರೆ, ಬರಬರುತ್ತಾ ಚಹಾ ಕುಡಿದ ಮೇಲೂ ಆ ದನಿ ಹೋಗಲಿಲ್ಲ. ಒಂದು ಬೆಳಿಗ್ಗೆ ಮಗಳಿಗೆ, “ಮಗು, ಹಾಲನ್ನು ಅರ್ಧಕ್ಕೆ ಬಿಡಬಾರದು,” ಎಂದರು. ಅವಳು ಲೋಟ ಇಟ್ಟು ನನ್ನ ಹಿಂದೆ ಬಂದು ನಿಂತಳು.

“ಅಮ್ಮಾ, ದಟ್ಸ್ ನಾಟ್ ಪಪ್ಪಾ,” ಎಂದಳು.

ನಾನು ನಕ್ಕು ಗದರಿದೆ. ಇನ್ನೊಂದು ದಿನ ಬಚ್ಚಲಿನ ಮುಚ್ಚಿದ ಬಾಗಿಲ ಹಿಂದೆ ಮೇಷ್ಟ್ರು ಮೆಲ್ಲಗೆ ಮಾತಾಡುತ್ತಿದ್ದರು. ಸಂದೇಶ ಹಾಕಿಕೊಂಡು ಕೇಳುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡಿದರೆ ಅವರ ಫೋನು ಅಡುಗೆಮನೆ ಕಟ್ಟೆಯ ಮೇಲೆ ಚಾರ್ಜಿಗಿತ್ತು. ಆಗ ಮೊದಲ ಸಲ ನನಗೆ ಹೆದರಿಕೆಯಾಯಿತು.

ಮತದಾನಕ್ಕೆ ಸ್ವಲ್ಪ ದಿನವಿರುವಾಗ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು. ಪಕ್ಷೇತರರಾದ್ದರಿಂದ ಚುನಾವಣೆ ನಿಲ್ಲಲಿಲ್ಲ.

“ಪಾಪ, ಇವತ್ತು ಬೇಡ ಮಾರಾಯ್ರೆ,” ಎಂದರು ಆ ಶುಕ್ರವಾರ ಮಿರ್ದಿಫ್ ಮನೆಯ ಯಜಮಾನರು.

ಹುಬ್ಬಳ್ಳಿಯ ಎಂಜಿನಿಯರು ಬಿಡಲಿಲ್ಲ. “ಮತಪತ್ರದಾಗ ಹೆಸರು ಐತಲ್ರೀ. ಹೋಲಿಸಬೇಕಂದ್ರ ಎಲ್ಲಾರ್ನೂ ಹೋಲಿಸಬೇಕು.”

ನನ್ನ ಗಂಡ ಆಗಲೇ ಕುರ್ಚಿಯಲ್ಲಿ ಕೂತಿದ್ದರು. “ಕೇಳಿ,” ಎಂದರು, “ಬರುವ ವಾರ ನಾನೇ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆದಿಡಿ.”

ಮಾತು ಮುಗಿಯುವಷ್ಟರಲ್ಲಿ ಎಲ್ಲರ ಫೋನುಗಳೂ ಸದ್ದು ಮಾಡಿದವು. ಯಜಮಾನರು ಬಂದ ಸಂದೇಶವನ್ನು ಒತ್ತಿದರು. ಮೇಷ್ಟ್ರ ದನಿ: “ಕೇಳಿ. ಬರುವ ವಾರ ನಾನೇ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆದಿಡಿ.”

ಮೊದಲೇ ರೆಕಾರ್ಡ್ ಮಾಡಿಟ್ಟದ್ದನ್ನು ಊರಲ್ಲಿ ಯಾರೋ ಈಗ ಕಳಿಸಿದ್ದಾರೆ, ಇವರು ಬೇರೆ ಗ್ರೂಪಿನಲ್ಲಿ ಆಗಲೇ ಕೇಳಿರಬೇಕು ಎಂದು ಯಜಮಾನರು ಸಮಾಧಾನ ಹೇಳಿದರು. ಇರಬಹುದು. ಎಂಜಿನಿಯರಂತೂ ‘ಖಲಾಸ್’ ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾವೂ ಚಹಾಕ್ಕೆ ಕಾಯದೆ ಹೊರಟೆವು.

ಸಂಜೆ ಪಾತ್ರೆ ತೊಳೆಯುವಾಗ ನನ್ನ ಗಂಡ ಪಕ್ಕದಲ್ಲಿ ನಿಂತು ತಟ್ಟೆ ಒರೆಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ನೀವು ಯಾರು ಮಾರಾಯ್ರೆ ಈಗ? ನಂಗೆ ಹೆದ್ರಿಕೆ ಆಗ್ತದೆ. ನೀವೇ ಹೌದಾದ್ರೆ ಹೇಳಿ ನೋಡುವ, ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಬಂದವ್ರು ಮೇಲೆ ಬರ್ಲಿಕ್ಕೆ ಯಾಕೆ ಅಷ್ಟು ತಡ ಮಾಡಿದ್ರಿ?”

ಅದು ನಮ್ಮಿಬ್ಬರಿಗೇ ಗೊತ್ತಿದ್ದ ವಿಷಯ. ಯಾವಾಗ ಕೇಳಿದರೂ ‘ಪಾರ್ಕಿಂಗ್ ಸಿಗ್ಲಿಲ್ಲ’ ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. ಈ ಸಲವೂ ಅದನ್ನೇ, ಅವರದೇ ದನಿಯಲ್ಲಿ ಹೇಳಿಬಿಡಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಅವರು ತಟ್ಟೆ ಕೆಳಗಿಟ್ಟರು. ಸತ್ತ ಮನುಷ್ಯನ ದನಿ ಹೇಳಿತು: “ಪಾರ್ಕಿಂಗ್ ಸಿಕ್ಕಿತ್ತು. ಕಾರಿನಲ್ಲೇ ಕೂತು ಅತ್ತುಬಿಟ್ಟೆ. ನೀನು ಬದುಕುವುದಿಲ್ಲವೆಂದು ಹೆದರಿದ್ದೆ.”

ನಲ್ಲಿ ನಿಲ್ಲಿಸಿದೆ. ಮಗಳಿಗೆ ಕೇಳಿಸದ ಹಾಗೆ ಅಡುಗೆಮನೆಯ ಬಾಗಿಲು ಮುಚ್ಚಿ ಬಂದೆ.

“ಮತ್ತೆ?” ಎಂದೆ.