ಜೊಂಡಿನಿಂದ ಪೀಪಾಯಿ ಕಾಯುವ ವೆಂಕಟಸ್ವಾಮಿ

ಬೆಳಗಿನ ಆರೂವರೆ. ಕೆಂಗೇರಿ ಆಚೆಯ ವಿಸ್ಕಿ ಕಾರ್ಖಾನೆಯ ಉಗ್ರಾಣದಲ್ಲಿ ವೆಂಕಟಸ್ವಾಮಿ ಮಂಡಿಯೂರಿ, ಓಕ್ ಪೀಪಾಯಿಯೊಂದರ ಮುಚ್ಚಳವನ್ನೇ ನೋಡುತ್ತಿದ್ದಾರೆ. ಎರಡು ಹಲಗೆಗಳ ಸಂದಿಯಲ್ಲಿ ಕಂದು ಹನಿಯೊಂದು ಊದಿಕೊಂಡು, ತಡೆದು, ಬೀಳುತ್ತದೆ. ಒಳಗಿರುವುದು ಏಳು ವರ್ಷ ಮಾಗಿದ ವಿಸ್ಕಿ. ಮೇಲೆ ಇನ್ನೆರಡು ಸಾಲು ತುಂಬಿದ ಪೀಪಾಯಿಗಳು, ಇದನ್ನು ಹೊರಳಿಸುವಂತಿಲ್ಲ.

ಉಗ್ರಾಣದ ಹೊಣೆ ಹೊತ್ತ ಕೀರ್ತನಾ ಹತ್ತು ಗಂಟೆಯವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರಲ್ಲಿ ಸೋರುವುದು ನಿಲ್ಲದಿದ್ದರೆ ಅಬಕಾರಿ ಅಧಿಕಾರಿಯ ಎದುರು ಬೇರೆ ಪೀಪಾಯಿಗೆ ಸುರಿಯಬೇಕು. ವೆಂಕಟಸ್ವಾಮಿಯವರ ತಪ್ಪಿನಿಂದ ಇನ್ನೊಂದು ಸೋರಿದರೆ ದುರಸ್ತಿಯನ್ನು ಹೊರಗಿನವರಿಗೆ ಕೊಡುವುದಾಗಿ ಮಾಲೀಕರು ಹೇಳಿ ವಾರವಾಗಿದೆ.

ಸುಂಕದಕಟ್ಟೆಯ ಈ ಬಡಗಿಗೆ ಈಗ ಐವತ್ತಾರು. ಬಾಗಿಲು, ಕಿಟಕಿ ಮಾಡಿಕೊಂಡಿದ್ದವರಿಗೆ ಹತ್ತೊಂಬತ್ತು ವರ್ಷದ ಹಿಂದೆ ಸ್ಕಾಟ್ಲೆಂಡಿನಿಂದ ಬಂದ ಮುದುಕನೊಬ್ಬ ಕೈಸನ್ನೆಯಲ್ಲೇ ಪೀಪಾಯಿ ಕಟ್ಟುವುದನ್ನು ಕಲಿಸಿದ. ಅಲ್ಲಿನ ಗುಡ್ಡಗಳಲ್ಲಿ ಹಿಂದೆ ತೆರಿಗೆಯವರ ಕಣ್ಣು ತಪ್ಪಿಸಿ ವಿಸ್ಕಿ ಕಾಯಿಸುತ್ತಿದ್ದರಂತೆ. ಕೆಲವು ದ್ವೀಪಗಳಲ್ಲಿ ಬಾರ್ಲಿಯನ್ನು ಒಣಗಿದ ಜೌಗುಮಣ್ಣು ಉರಿಸಿದ ಹೊಗೆಯಲ್ಲಿ ಒಣಗಿಸುತ್ತಾರೆ, ಆ ಹೊಗೆ ಗುಟುಕಿನಲ್ಲೂ ಸಿಗುತ್ತದೆ. ಅಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಲೀಟರ್ ಆವಿಯಾದರೆ ಇಲ್ಲಿನ ಸೆಕೆಗೆ ಹತ್ತು ಹೋಗುತ್ತದೆ. "ಗಾಳಿ ಕುಡಿದು ಮಿಕ್ಕಿದ್ದು ನಮ್ದು. ನೆಲ ಕುಡಿಯಂಗಿಲ್ಲ," ಎನ್ನುತ್ತಾರೆ ವೆಂಕಟಸ್ವಾಮಿ.

ಮುದುಕ ಹಲಗೆಗಳ ನಡುವೆ ಹೊಳೆಯ ಜೊಂಡು ಇಡುತ್ತಿದ್ದ. ಇವರು ಕೆರೆಯ ಜೊಂಡು ಕೊಯ್ದು ಮೂರು ತಿಂಗಳು ನೆರಳಲ್ಲಿ ಒಣಗಿಸುತ್ತಾರೆ. ಒಣಗಿದ್ದು ವಿಸ್ಕಿ ಹೀರಿ ಉಬ್ಬುತ್ತದೆ. ಹಸಿಯದು ಬಾಡಿ ಸಂದಿ ಬಿಡುತ್ತದೆ. ಕಳೆದ ತಿಂಗಳು, ಹಳೆಯ ಪೀಪಾಯಿಯ ವಿಸ್ಕಿಯನ್ನು ಬೇಗ ಇದಕ್ಕೆ ತುಂಬಬೇಕೆಂಬ ಒತ್ತಾಯಕ್ಕೆ, ಇದೊಂದಕ್ಕೆ ಅರೆಹಸಿ ಜೊಂಡು ಇಟ್ಟಿದ್ದರು.

ಎಂಟೂವರೆ. ಹಲಗೆಗಳನ್ನು ಬಿಗಿದಿರುವ ಕಬ್ಬಿಣದ ಪಟ್ಟಿಯನ್ನು ಕೂದಲೆಳೆಯಷ್ಟು ಸಡಿಲಿಸಬೇಕು. ಹೆಚ್ಚಾದರೆ ಮುಚ್ಚಳವೇ ಕಳಚುತ್ತದೆ. ಮೆಲ್ಲಗೆ ಬಡಿಯುತ್ತಾರೆ. ಹನಿ ಧಾರೆಯಾಗುತ್ತದೆ.

"ಅಣ್ಣ, ಬಾಯಿ ಇಡ್ಲಾ?" ಟಾರ್ಚ್ ಹಿಡಿದ ಜೊತೆಗಾರ ಸೀನ ಕೇಳುತ್ತಾನೆ.

"ಟಾರ್ಚ್ ಅಲ್ಲಾಡಿಸ್ಬೇಡ ಕಣೋ."

ಉಳಿಯ ತುದಿಯಿಂದ ಒಣಜೊಂಡು ಎಳೆಎಳೆಯಾಗಿ ಸಂದಿಗಿಳಿಯುತ್ತದೆ. ಪಟ್ಟಿ ಬಿಗಿಯುತ್ತಾರೆ. ಇನ್ನು ಅದು ಉಬ್ಬಬೇಕು; ಕಾಯುವುದಷ್ಟೇ ಕೆಲಸ.

ಒಂಬತ್ತು ಮುಕ್ಕಾಲಿಗೆ ಕೀರ್ತನಾ ಬಂದು ಸಂದಿಗೆ ಕಾಗದ ಒತ್ತುತ್ತಾರೆ. ಕಾಗದ ಒದ್ದೆಯಾಗಿಲ್ಲ. ವರದಿಯಲ್ಲಿ ಮರ ಬಿರುಕು ಬಿಟ್ಟಿತ್ತು ಎಂದು ಬರೆಯಲೇ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹಾಗೆ ಬರೆದರೆ ವೆಂಕಟಸ್ವಾಮಿಯವರ ಕೆಲಸಕ್ಕೆ ಕುತ್ತಿಲ್ಲ.

ವೆಂಕಟಸ್ವಾಮಿ ಉಳಿ ಒರೆಸಿಕೊಳ್ಳುತ್ತಾರೆ. "ಮರ ಏನ್ ಮಾಡ್ತು ಮೇಡಂ? ಹಸಿ ಜೊಂಡು ಇಟ್ಟಿದ್ದು ನಾನು, ಹಂಗೇ ಬರೀರಿ. ಒಣಗೋಕೆ ಮೂರು ತಿಂಗ್ಳು ಬೇಕಂತೆ ಅಂತ ಕೆಳಗೆ ಸೇರ್ಸಿ. ಅಷ್ಟ್ ಟೈಮ್ ಕೊಟ್ರೆ ಸಾಕು."