ಕುರಿ ಔಷಧಿ ಚೀಲದಲ್ಲಿದ್ದ ಮಾತ್ರೆ

ಕೊಲ್ಲಾಪುರಮ್ಮನಿಗೆ ನಡೆದು ನಡೆದು ಸಾಕಾಗಿತ್ತು. ಐ.ಡಿ.ಹಳ್ಳಿ ಕಡೆಯ ಹಟ್ಟಿಯಿಂದ ಹೊರಟ ಅವರ ಕುರಿಮಂದೆ ಹಿರಿಯೂರು, ಹೊಸದುರ್ಗ ಎಲ್ಲ ಸುತ್ತಿ, ಕೊಯ್ಲಾದ ಹೊಲಗಳಲ್ಲಿ ಬೀಡು ಬಿಡುತ್ತಾ, ಈಗ ಶಿರಾ ತಾಲ್ಲೂಕಿನ ಮದಲೂರು ಕೆರೆಯ ಕೆಳಗಿನ ಹೊಲವೊಂದಕ್ಕೆ ಬಂದು ನಿಂತಿತ್ತು. ಹೊಲದವನಿಗೆ ಗೊಬ್ಬರ ಬೇಕು, ಕುರಿಗಳಿಗೆ ಮೇವು ಬೇಕು. ಜೊತೆಗೆ ಬಂದ ಹೆಂಗಸಿಗೆ ಏನು ಬೇಕೆಂದು ಕೇಳುವ ಪದ್ಧತಿ ಮಂದೆಯಲ್ಲಿ ಯಾವತ್ತೂ ಇರಲಿಲ್ಲ. ಕತ್ತೆಯ ಮೇಲಿಂದ ಪಾತ್ರೆ ಇಳಿಸು, ಮೂರು ಕಲ್ಲು ಹುಡುಕಿ ಒಲೆ ಹೂಡು, ಹಿಟ್ಟು ತಿರುವು, ಮರಿಗಳನ್ನು ಎಣಿಸು, ಬೆಳಗಾದರೆ ಎಲ್ಲ ಕಟ್ಟಿ ಮತ್ತೆ ಹೊರಡು. ಅವಳ ಬದುಕನ್ನು ಬರೆಯಲು ಕೂತರೆ ಇದಿಷ್ಟನ್ನೇ ಹಿಂದೆ ಮುಂದೆ ಮಾಡಿ ಬರೆಯಬೇಕಾಗುತ್ತದೆ.

ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನಲ್ಲಿ. ಕುರಿ ಸಾಕುವ ಮನೆಗೇ ಸೊಸೆಯಾಗಿ ಬಂದವಳು. ಅತ್ತೆ ಬದುಕಿರುವವರೆಗೆ ಹಟ್ಟಿಯಲ್ಲೇ ಇದ್ದಳು. ಗಂಡ ಹುಚ್ಚಣ್ಣ ಮಳೆಗಾಲಕ್ಕೆ ಬರುತ್ತಿದ್ದ, ಹಿಂಗಾರು ಮುಗಿದರೆ ಹೊರಟುಬಿಡುತ್ತಿದ್ದ. ಮಂದೆ ಕಾಯುವುದರ ಜೊತೆಗೆ ಪಾವಗಡದ ವ್ಯಾಪಾರಿಯೊಬ್ಬ ಕುರಿ ತುಂಬಿದ ಲಾರಿಯನ್ನು ಹೈದರಾಬಾದಿಗೋ ಬೆಂಗಳೂರಿಗೋ ಕಳಿಸುವಾಗ, ದಾರಿಯಲ್ಲಿ ಕುರಿ ಸಾಯದಂತೆ ನೋಡಿಕೊಳ್ಳಲು ಹುಚ್ಚಣ್ಣ, ಅವನ ತಮ್ಮ ಅಂಜಿನಮೂರ್ತಿ ಇಬ್ಬರೂ ಹಿಂದೆ ಕೂತು ಹೋಗುತ್ತಿದ್ದರು. ಹೆದ್ದಾರಿಯ ಡಾಬಾಗಳಲ್ಲಿ ಲಾರಿ ನಿಂತಾಗ ಏನೇನು ನಡೆಯುತ್ತಿತ್ತು ಎಂದು ಹೆಂಡತಿ ಕೇಳಿದವಳಲ್ಲ, ಗಂಡ ಹೇಳಿದವನಲ್ಲ. ಅವರಿಗೊಂದು ಹೆಣ್ಣು ಮಗು ಹುಟ್ಟಿತ್ತು. ಯಾವಾಗಲೂ ಜ್ವರ, ಭೇದಿ. ಮಾತು ಬರುವ ಮೊದಲೇ ತೀರಿಕೊಂಡಿತು. ದೃಷ್ಟಿ ತಗುಲಿತು ಎಂದರು ಕೆಲವರು, ತಾಯಿ ಹಾಲು ಸರಿಯಿಲ್ಲ ಎಂದರು ಇನ್ನು ಕೆಲವರು. ಎರಡನೆಯ ಮಾತನ್ನು ಕೊಲ್ಲಾಪುರಮ್ಮ ವರ್ಷಗಟ್ಟಲೆ ನಂಬಿದ್ದಳು.

ಹುಚ್ಚಣ್ಣ ಸತ್ತಾಗ ಕ್ಷಯ ಅಂದರು. ಆಮೇಲೆ ಇವಳಿಗೂ ಜ್ವರ ಬಿಡದೆ ಹಿಡಿದಾಗ ಒಬ್ಬಳೇ ಬಸ್ಸು ಹತ್ತಿ ಮಧುಗಿರಿಯ ಆಸ್ಪತ್ರೆಗೆ ಹೋದಳು. ಅಲ್ಲಿ ರಕ್ತ ಪರೀಕ್ಷೆ ಮಾಡಿ, ಪುಷ್ಪಾವತಿ ಎನ್ನುವ ಆಪ್ತ ಸಮಾಲೋಚಕಿ ಬಾಗಿಲು ಮುಚ್ಚಿಕೊಂಡು ಮೆಲ್ಲಗೆ ಹೇಳಿದರು, ಎಚ್‌ಐವಿ ಇದೆ ಅಂತ. ದಿನಕ್ಕೊಂದು ಮಾತ್ರೆ, ಊಟವಾದ ಮೇಲೆ, ಒಂದು ದಿನವೂ ತಪ್ಪಿಸಬಾರದು. ತಪ್ಪಿಸದಿದ್ದರೆ ಎಲ್ಲರ ಹಾಗೆ ಮುದುಕಿಯಾಗಿಯೇ ಸಾಯಬಹುದು. "ಊರೂರು ತಿರುಗೋರು ನೀವು. ಎಲ್ಲಿಗೆ ಹೋಗ್ತೀರ ಅಂತ ಮೊದಲೇ ಹೇಳಿಹೋಗಿ, ಹೆಚ್ಚಿಗೆ ಕೊಡ್ತೀವಿ" ಎಂದಿದ್ದರು ಪುಷ್ಪಾವತಿ.

ಮಾತ್ರೆ ಸಿಕ್ಕಿತು. ಇಡುವುದೆಲ್ಲಿ? ಮಂದೆಯಲ್ಲಿ ಯಾರಿಗೂ ಸ್ವಂತದ ಪೆಟ್ಟಿಗೆ ಅಂತ ಇರುವುದಿಲ್ಲ. ಹಾಸಿಗೆ, ಸೀರೆ, ಹಿಟ್ಟು, ಪಾತ್ರೆ ಎಲ್ಲ ಒಂದೇ ಕತ್ತೆಯ ಮೇಲೆ, ಯಾರು ಬೇಕಾದರೂ ಬಿಚ್ಚಬಹುದು. ಬೇರೆ ಯಾರೂ ಕೈ ಹಾಕದೆ ಇದ್ದದ್ದು ಕುರಿ ಔಷಧಿಯ ಚೀಲ ಒಂದೇ. ಜಂತುಹುಳದ ಮಾತ್ರೆ, ಹೊಟ್ಟೆಯುಬ್ಬರದ ಪುಡಿ, ಗಾಯಕ್ಕೆ ಹಚ್ಚುವ ಎಣ್ಣೆ, ಔಷಧಿ ಕುಡಿಸುವ ಬಿದಿರಿನ ಗೊಟ್ಟ ಎಲ್ಲ ಅದರಲ್ಲಿದ್ದವು. ಕುರಿಗೆ ಔಷಧಿ ಹಾಕುವ ಕೆಲಸ ಅವಳದು. ಹಾಗಾಗಿ ತನ್ನ ಬಿಳಿ ಡಬ್ಬಿಯ ಚೀಟಿ ಕಿತ್ತು ಅದರೊಳಗೆ ಸೇರಿಸಿದಳು. ಗೊಟ್ಟ ತೆಗೆಯುವ ನೆಪದಲ್ಲಿ ದಿನವೂ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ಜಾಣತನವೇ ಸರಿ, ಈ ವರ್ಷ ಅನಸೂಯ ಬರುವವರೆಗೆ.

ಅನಸೂಯ ಮೈದುನ ಅಂಜಿನಮೂರ್ತಿಯ ಹೆಂಡತಿ. ಮಂದೆಗೆ ಹೊಸಬಳು, ಈಗ ನಾಲ್ಕು ತಿಂಗಳ ಬಸುರಿ. ಎಲ್ಲರಿಂದ ಒಳ್ಳೆಯವಳು ಅನ್ನಿಸಿಕೊಳ್ಳಬೇಕೆಂಬ ಆಸೆ ಮೈತುಂಬ ಇತ್ತು. ಕೊಲ್ಲಾಪುರಮ್ಮ ಒಂದು ದಿನ ರೇಷನ್ ತರಲು ಶಿರಾಕ್ಕೆ ಹೋಗಿದ್ದಳು. ಇತ್ತ ಕುರಿಗಳು ಕೆಮ್ಮಲು ಹಿಡಿದವು. ಅನಸೂಯ ಚೀಲ ಬಿಚ್ಚಿದಳು, ದಪ್ಪ ಮಾತ್ರೆಗಳಿದ್ದ ಬಿಳಿ ಡಬ್ಬಿ ಸಿಕ್ಕಿತು, ಕಲ್ಲಿನ ಮೇಲೆ ಅರೆದಳು, ಗಂಜಿಗೆ ಕಲಸಿ ಗೊಟ್ಟದಲ್ಲಿ ತುಂಬಿ ಕೆಮ್ಮುವ ಕುರಿಗಳಿಗೆಲ್ಲ ಕುಡಿಸಿದಳು. ಒಂದೂ ಉಳಿಸಲಿಲ್ಲ.

"ಅಕ್ಕ, ನೀನಿಲ್ದಿದ್ರೂ ಔಷ್ದಿ ಹಾಕ್ಬುಟ್ಟೆ ನೋಡು" ಎಂದು ಶಿರಾದಿಂದ ವಾಪಸು ಬಂದವಳಿಗೆ ನಗುತ್ತಾ ಖಾಲಿ ಡಬ್ಬಿ ತೋರಿಸಿದಳು.

ಕೊಲ್ಲಾಪುರಮ್ಮ ಡಬ್ಬಿ ಕಿತ್ತುಕೊಂಡು ಅಲ್ಲಾಡಿಸಿದಳು. ಆಮೇಲೆ ಚೀಲವನ್ನೇ ನೆಲಕ್ಕೆ ಸುರಿದಳು. ತಿಂಗಳುಗಟ್ಟಲೆ ನಡೆದರೂ ಒಂದು ಮಾತೂ ಗೊಣಗದ ಹೆಂಗಸು ಮಣ್ಣಿನಲ್ಲಿ ಕೂತು ಅಳತೊಡಗಿದಾಗ ಅನಸೂಯಳ ನಗು ಇಂಗಿತು.

"ಕುರಿ ಮಾತ್ರೆಗ್ಯಾಕಕ್ಕ ಇಂಗ್ ಅಳ್ತೀಯ? ಶಿರಾದಾಗೆ ಸಿಗಲ್ವಾ? ನಂಗೊತ್ತಾಗ್ಲಿಲ್ಲ ಕಣಕ್ಕ!"

ಕುರಿಗಳಿಗೇನೂ ಆಗಲಿಲ್ಲ. ಮೊದಲಿನಂತೆ ಕೆಮ್ಮುತ್ತಲೇ ಮೇಯುತ್ತಿದ್ದವು. ಗಲಾಟೆ ಕೇಳಿ ಅಂಜಿನಮೂರ್ತಿ ಬಂದ. ಡಬ್ಬಿ ನೋಡಿದ, ಅತ್ತಿಗೆಯ ಮುಖ ನೋಡಿದ. ಯಾವ ಮಾತ್ರೆ ಎಂದು ಕೇಳಲಿಲ್ಲ.

"ಅತ್ಗೆಮ್ಮ, ಮುಖ ತೊಳ್ಕೊ. ಮಧುಗಿರಿ ಆಸ್ಪತ್ರೆ ಬಾಗ್ಲು ಹಾಕೋದ್ರೊಳಗೆ ಹೋಗಿಬುಡಾನ" ಎಂದು ಬೈಕು ತಿರುಗಿಸಿದ.

ಹಿಂದೆ ಕೂತ ಕೊಲ್ಲಾಪುರಮ್ಮನಿಗೆ ಶಿರಾ ದಾಟುವವರೆಗೂ ಮಾತ್ರೆಯದೇ ಚಿಂತೆ. ಆಮೇಲೆ ಇದ್ದಕ್ಕಿದ್ದಂತೆ ಹೊಳೆಯಿತು. ಮಧುಗಿರಿ ಎಂದು ತಾನು ಹೇಳಿಯೇ ಇಲ್ಲವಲ್ಲ!

"ಮೂರ್ತಿ, ಗಾಡಿ ನಿಲ್ಸು. ನಿಂಗ್ ಹೆಂಗೊತ್ತು?"

ಅವನು ನಿಲ್ಲಿಸಿದ. ಜಾಲಿಗಿಡದ ಪಕ್ಕ ಬೈಕಿಗೆ ಒರಗಿ ನಿಂತು, ಎಲ್ಲೋ ನೋಡುತ್ತಾ ಹೇಳಿದ. ಇದೇ ಬೈಕಿನಲ್ಲಿ ಅಣ್ಣನನ್ನೂ ಮಧುಗಿರಿಗೆ ಕರೆದುಕೊಂಡು ಹೋಗುತ್ತಿದ್ದನಂತೆ, ಅಣ್ಣನಿಗೂ ಇಂಥದೇ ಬಿಳಿ ಡಬ್ಬಿ ಕೊಡುತ್ತಿದ್ದರಂತೆ. ಅಣ್ಣ ಅಲ್ಲಿ ಬೇರೆ ಹೆಸರು ಹೇಳಿದ್ದನಂತೆ, ಮದುವೆಯಾಗಿಲ್ಲ ಎಂದೂ ಹೇಳಿದ್ದನಂತೆ. ಮಂದೆ ದೂರ ಹೋದಾಗ ಮಾತ್ರೆ ಮುಗಿಯುತ್ತಿತ್ತು, ವಾಪಸು ಬರಲು ಆಗುತ್ತಿರಲಿಲ್ಲ, ತಿಂಗಳುಗಟ್ಟಲೆ ಬಿಟ್ಟುಬಿಡುತ್ತಿದ್ದ.

"ಯಾವಾಗಿಂದ?"

"ಬುಡತ್ಗೆಮ್ಮ, ಈಗ್ಯಾಕದು."

"ನನ್ನ ಮಗ ಹುಟ್ಟೋಕ್ ಮುಂಚೆನೋ, ಆಮೇಲೋ?" ಹೆಣ್ಣು ಮಗುವಾದರೂ ಅವಳು ಅದನ್ನು ಮಗ ಎಂದೇ ಕರೆಯುತ್ತಿದ್ದಳು.

ಅಂಜಿನಮೂರ್ತಿ ಹಿಂದಿನ ಚಕ್ರದ ಗಾಳಿ ನೋಡುವವನಂತೆ ಬಗ್ಗಿದ. "ಮುಂಚೆ" ಎಂದ.

ಅವಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸಲು ಕೈ ಏಳಲಿಲ್ಲ. ಹಾಲು ಸರಿಯಿಲ್ಲ ಎಂದು ಹಟ್ಟಿಯ ಹೆಂಗಸರು ಅನ್ನುವಾಗ ಇವನು ಅಲ್ಲೇ ಜಗುಲಿಯ ಮೇಲೆ ಕೂತಿರುತ್ತಿದ್ದನಲ್ಲ. ಬಸುರಿಯಿದ್ದಾಗಲೇ ಗೊತ್ತಾಗಿದ್ದರೆ ಮಗುವಿಗೆ ಸೋಂಕು ತಗುಲದಂತೆ ನೋಡಿಕೊಳ್ಳಬಹುದಿತ್ತು ಎಂದು ಪುಷ್ಪಾವತಿ ಎಂದೋ ಹೇಳಿದ್ದರು. ಆಗ ಅದು ಯಾರದೋ ಮಗುವಿನ ಮಾತಿನಂತೆ ಕೇಳಿಸಿತ್ತು.

"ಅಣ್ಣ ಆಣೆ ಹಾಕ್ಸಿದ್ದ ಕಣತ್ಗೆಮ್ಮ."

"ನೀನೂ ಅವನ ಜೊತೆ ಲಾರಿಯಾಗೆ ಹೋಗ್ತಿದ್ಯಲ್ಲ. ನಿಂದು ರಕ್ತ ನೋಡ್ಸಿದ್ಯಾ?"

ಅವನು ಬೈಕಿನ ಕನ್ನಡಿ ಒರೆಸತೊಡಗಿದ. "ಭಯ ಆಯ್ತದೆ. ನೋಡಿಸ್ದಿದ್ರೆ ಏನೂ ಇಲ್ಲ ಅಂತ್ಲೇ ಇರ್ಬೋದಲ್ಲ."

"ಅನಸೂಯನ್ನ?"

ಅನಸೂಯಳನ್ನು ಯಾವ ಆಸ್ಪತ್ರೆಗೂ ತೋರಿಸಿರಲಿಲ್ಲ. ಬಸುರಿಯರನ್ನು ವಿಚಾರಿಸಲು ಆಶಾ ಕಾರ್ಯಕರ್ತೆ ಹಟ್ಟಿಗೆ ಬಂದಾಗ ಅವಳು ಹೊಸದುರ್ಗದ ಯಾವುದೋ ಹೊಲದಲ್ಲಿ ಕುರಿ ಕೂಡಿಹಾಕುತ್ತಿದ್ದಳು. ಹೊಸದುರ್ಗದವರಿಗೆ ಅವಳು ಯಾರೋ ಪರ ಊರಿನವಳು. ಮಂದೆಯವರು ಯಾವ ಊರಿನ ಲೆಕ್ಕಕ್ಕೂ ಸಿಗುವುದಿಲ್ಲ. ಸಿಗದೆ ಇರುವುದೇ ಒಳ್ಳೆಯದು ಎಂದು ಅಂಜಿನಮೂರ್ತಿಗೆ ಅನ್ನಿಸಿತ್ತು.

ಮಧುಗಿರಿಯಲ್ಲಿ ಪುಷ್ಪಾವತಿ ಬೈಯಲಿಲ್ಲ. ನಡೆದದ್ದು ಕೇಳಿ ನಗು ತಡೆದುಕೊಂಡರು, ಕೊಲ್ಲಾಪುರಮ್ಮನ ಮುಖ ನೋಡಿ ಆ ನಗುವನ್ನೂ ನುಂಗಿದರು. ಹೊಸ ಡಬ್ಬಿ ಸಿಕ್ಕಿತು. ಅಂಜಿನಮೂರ್ತಿ ಗೇಟಿನ ಹೊರಗೇ ನಿಂತಿದ್ದ. ಒಳಗೆ ಬಾ ಎಂದು ಅತ್ತಿಗೆ ಎರಡು ಸಲ ಕರೆದರೂ ಬರಲಿಲ್ಲ.

ವಾಪಸು ಬರುವಾಗ ಅವನೇ ಮಾತು ತೆಗೆದ. "ಅತ್ಗೆಮ್ಮ, ನೀನು ಅನಸೂಯಂಗೆ ಏನೂ ಹೇಳ್ಬ್ಯಾಡ. ನಾನು ದೊಡ್ಡಪ್ಪಂಗೆ ನಿನ್ ವಿಷ್ಯ ಹೇಳಲ್ಲ. ಎಂದ್ನಂಗೆ ಇದ್ಬುಡಾನ."

ದೊಡ್ಡಪ್ಪ ಎಂದರೆ ದೊಡ್ಡಹನುಮಯ್ಯ, ಮಂದೆಯ ಯಜಮಾನ. ಕೆಟ್ಟವನಲ್ಲ, ಆದರೆ ರೋಗ ಬಂದ ಕುರಿಯನ್ನು ಮಂದೆಯಿಂದ ಬೇರೆ ಕಟ್ಟಿ ಕಟ್ಟಿ ಅವನಿಗೆ ಎಲ್ಲ ರೋಗಕ್ಕೂ ಅದೊಂದೇ ಮದ್ದಾಗಿತ್ತು. ಅವನಿಗೆ ತಿಳಿದರೆ ಕೊಲ್ಲಾಪುರಮ್ಮ ಹಟ್ಟಿಗೆ ಹೋಗಬೇಕು. ಗಂಡನ ಪಾಲಿನ ಕುರಿಗಳು ಮಂದೆಯಲ್ಲೇ ಉಳಿಯುತ್ತವೆ. ಒಂಟಿ ಹೆಂಗಸು ಅವನ್ನು ಹೊಡೆದುಕೊಂಡು ಎಲ್ಲಿಗೆ ಹೋದಾಳು? ಸುಮ್ಮನಿದ್ದರೆ ಊಟ, ಜೊತೆ, ಕುರಿ ಎಲ್ಲ ಇರುತ್ತವೆ. ಮೈದುನ ಬೈಕಿನಲ್ಲಿ ತಿಂಗಳು ತಿಂಗಳೂ ಮಧುಗಿರಿಗೆ ಬಿಟ್ಟು ಬರುತ್ತಾನೆ. ನಡೆದು ದಣಿದ ಕಾಲಿಗೆ ಆ ಮಾತು ಹಿತವಾಗಿಯೇ ಕೇಳಿಸಿತು, ಸುಳ್ಳು ಹೇಳುವುದೇಕೆ.

ಮದಲೂರು ತಲುಪಿದಾಗ ಕುರಿಗಳನ್ನು ಕೂಡಿಹಾಕುವ ಹೊತ್ತಾಗಿತ್ತು. ಅನಸೂಯ ಒಲೆಯ ಮುಂದೆ ಕೂತಿದ್ದವಳು ಇವಳನ್ನು ನೋಡಿ ಎದ್ದು, ಬೈಸಿಕೊಳ್ಳಲು ಸಿದ್ಧಳಾಗಿ ಸೆರಗು ಹಿಡಿದು ನಿಂತಳು. ಹೊಟ್ಟೆ ಈಗಷ್ಟೇ ಕಾಣತೊಡಗಿತ್ತು.

"ತೆಪ್ಪಾಯ್ತು ಕಣಕ್ಕ. ಇನ್ಮೇಲೆ ಆ ಚೀಲ ಮುಟ್ಟಲ್ಲ."

ಕೊಲ್ಲಾಪುರಮ್ಮ ಒಲೆಯ ಪಕ್ಕ ಕುಸಿದು ಕೂತಳು. ದೊಡ್ಡಹನುಮಯ್ಯ ಅಲ್ಲೇ ಕುರಿಗಳ ಸುತ್ತ ಗೂಟ ನೆಟ್ಟು ಬಲೆ ಕಟ್ಟುತ್ತಿದ್ದ. ಅಂಜಿನಮೂರ್ತಿ ಬೈಕು ನಿಲ್ಲಿಸಿ ಬೇಡ ಎಂಬಂತೆ ತಲೆ ಆಡಿಸುತ್ತಿದ್ದ. ಇವರೆಲ್ಲರಿಂದ ತಪ್ಪಿಸಿಕೊಂಡು ಅನಸೂಯಳೊಬ್ಬಳಿಗೇ ಗುಟ್ಟಾಗಿ ಹೇಳಲು ಜಾಗ ಹುಡುಕಬೇಕಿತ್ತು. ಹುಡುಕುವ ಶಕ್ತಿ ಕೊಲ್ಲಾಪುರಮ್ಮನಲ್ಲಿ ಉಳಿದಿರಲಿಲ್ಲ.

"ಅವು ಕುರಿ ಮಾತ್ರೆ ಅಲ್ಲ ಕಣೇ. ನನ್ನವು. ನಂಗೆ ಎಚ್‌ಐವಿ ಐತೆ. ನಿನ್ ಭಾವಂಗೂ ಇತ್ತು. ನಾಳೆ ಬೆಳಗ್ಗೆ ನನ್ ಜೊತೆ ಮಧುಗಿರಿಗೆ ಬಾ, ನಿನ್ ರಕ್ತ ನೋಡುಸ್ಬೇಕು. ಇಲ್ಲ ಅಂದ್ರೆ ಚಿಂತೆ ಇಲ್ಲ. ಐತೆ ಅಂದ್ರೂ ಮಗೀನ ಉಳುಸ್ಕೋಬೋದು. ಈಗಾದ್ರೆ ಹೊತ್ತಾಗಿಲ್ಲ."

ದೊಡ್ಡಹನುಮಯ್ಯನ ಕೈಯಲ್ಲಿದ್ದ ಗೂಟ ಹಾಗೇ ನಿಂತಿತು. ಅವನು ಕೊಲ್ಲಾಪುರಮ್ಮನನ್ನು ನೋಡಿದ, ಎಲ್ಲರೂ ದಿನವೂ ಉಣ್ಣುವ ತಟ್ಟೆಗಳ ಕಡೆ ನೋಡಿದ. ಕೊನೆಗೆ, "ಈ ಹೊಲದ್ ಕೆಲ್ಸ ಮುಗೀತಿದ್ದಂಗೆ ನೀನು ಹಟ್ಟಿಗೆ ಹೋಗ್ಬುಡಮ್ಮ" ಎಂದ.

"ಆಗ್ಲಿ ಮಾವ" ಎಂದಳು ಕೊಲ್ಲಾಪುರಮ್ಮ. ಈ ಉತ್ತರವನ್ನು ಅವಳು ದಾರಿಯುದ್ದಕ್ಕೂ ಹೊತ್ತುಕೊಂಡೇ ಬಂದಿದ್ದಳು.

ಅನಸೂಯ ಗಂಡನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ. ಅಷ್ಟರಿಂದಲೇ ಅವಳಿಗೆ ಅರ್ಧ ತಿಳಿದುಹೋಯಿತು. ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ಕೊಲ್ಲಾಪುರಮ್ಮನ ಎದುರೇ ನೆಲಕ್ಕೆ ಕೂತಳು. ಒಲೆಯ ಮೇಲೆ ಎಸರು ಉಕ್ಕುತ್ತಿತ್ತು, ಯಾರೂ ಇಳಿಸಲಿಲ್ಲ.

"ಅಕ್ಕ, ನೀನು ಬಸ್ರಿ ಇದ್ದಾಗ ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಕಣವ್ವ" ಎಂದಳು ಕೊಲ್ಲಾಪುರಮ್ಮ.