ಫರ್ಸಿಯ ಕೆಳಗಿನ ಲಿಲ್ಲಿ

ಗೇಟು ತೆಗೆದೆ. ನನ್ನ ತೋಟ ಇರಲಿಲ್ಲ. ಗೋಡೆಯಿಂದ ಗೋಡೆಗೆ ನುಣುಪಾದ ಬೂದು ಕಲ್ಲು, ಸಂದಿಗೆಲ್ಲ ಸಿಮೆಂಟು. ಯಾರದೋ ಮನೆಗೆ ನುಗ್ಗಿದೆನೇನೋ ಎಂದು ಹಿಂದಕ್ಕೆ ಹೋಗಿ ಬಾಗಿಲ ನಂಬರು ನೋಡಿ ಬಂದೆ.

ಮಡಿಕೇರಿಯಲ್ಲಿ ಕೂತು ಇದನ್ನು ಓದುವ ನಿಮಗೆ ಇದರ ಆಘಾತ ಅರ್ಥವಾಗಬೇಕಾದರೆ ಒಂದು ಮಾತು ಹೇಳಬೇಕು. ಅಮ್ಮನ ವರ್ಷದ ಕಾರ್ಯಕ್ಕೆಂದು ಮೂರು ವಾರ ರಜೆ ಹಾಕಿ ಆಗಷ್ಟೇ ಊರಿಗೆ ಬಂದು ಹೋಗಿದ್ದೆ. ಅಮ್ಮ ನಲವತ್ತು ವರ್ಷ ಬೆಳೆಸಿದ ಕಹಳೆ ಲಿಲ್ಲಿಯ ಪಾತಿಯ ಮೇಲೆ ನನ್ನ ತಮ್ಮ ಕಾಂಕ್ರೀಟು ಸುರಿಸಿದ್ದ, ಹೋಮ್‌ಸ್ಟೇಗೆ ಬರುವವರ ಕಾರು ನಿಲ್ಲಿಸಲು. ಹೋಗಲಿ, ಶಹಾಬಾದಿನ ನನ್ನ ಅಂಗಳದಲ್ಲಿ ಆರು ಗಡ್ಡೆ ಉಳಿದಿವೆಯಲ್ಲ ಎಂದು ಸಮಾಧಾನ ಮಾಡಿಕೊಂಡೇ ರೈಲು ಹತ್ತಿದ್ದೆ.

ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬರುವಾಗ ಒಂಬತ್ತು ಗಡ್ಡೆ ತಂದಿದ್ದೆ. ನಮ್ಮಲ್ಲಿ ಹೂಳಿ ಮರೆತರೂ ಮಳೆಗಾಲದ ಹೊತ್ತಿಗೆ ಅಂಗೈಯುದ್ದದ ಬಿಳಿ ಕಹಳೆಗಳನ್ನು ಬಿಡುವ ಗಿಡ ಇದು. ಇಲ್ಲಿ ಗೇಣುದ್ದ ಆಳ ತೋಡಿದೆ, ನೀರು ನಿಲ್ಲದಂತೆ ತಳಕ್ಕೆ ಮರಳು ಹಾಕಿದೆ. ಆದರೂ ಮೊದಲ ಬೇಸಿಗೆಯಲ್ಲಿ ಮೂರು ಕೊಳೆತವು. ಉಳಿದವು ಎಲೆ ಬಿಟ್ಟವೇ ಹೊರತು ಹೂ ಬಿಡಲಿಲ್ಲ. ಎರಡನೇ ಬೇಸಿಗೆಗೆ ಎಲೆಯೂ ಒಣಗಿತು. ಒಣಗಿದ ಮೇಲೆ ಗಡ್ಡೆ ನಿದ್ದೆ ಮಾಡುತ್ತದೆ ಎಂದು ಗೊತ್ತಿದ್ದೂ, ಈ ಬಿಸಿಲಿಗೆ ಹೆದರಿ ದಿನಾ ನೀರು ಹಾಕುತ್ತಿದ್ದೆ. ಮಣ್ಣು ಮುಟ್ಟಿದರೆ ಕೈ ಸುಡುತ್ತಿತ್ತು.

ಮನೆ ಮಾಲೀಕರು ಮಹಬೂಬ್ ಸಾಹೇಬರು. ಆಯುಷ್ಯವೆಲ್ಲ ಕಲ್ಲಿನ ಗಣಿಯಲ್ಲಿ ಕಳೆದವರು. ಇಲ್ಲಿನ ಹಾಸುಗಲ್ಲಿಗೆ ಫರ್ಸಿ ಎನ್ನುತ್ತಾರೆ. ನೆಲ, ಅಟ್ಟ, ಕಟ್ಟೆ, ಕೆಲವು ಕಡೆ ಮಾಡು ಕೂಡ ಅದೇ. ಮಣ್ಣು ಕಾಣುವ ಅಂಗಳವೆಂದರೆ ಮನೆಯವರಿಗೆ ನಾಚಿಕೆ.

ಸಾಹೇಬರು ನಗುನಗುತ್ತಾ ಬಂದರು. "ಹ್ಯಾಂಗ ಅದ ನೋಡ್ರಿ ಮೇಡಂ? ಸತ್ತ ಗಿಡದ ಮುಂದ ದಿನಾ ಮಾರಿ ಸಣ್ಣ ಮಾಡ್ಕೊಂಡು ಕುಂದ್ರತಿದ್ರಿ. ನಮಗ ನೋಡ್ಲಿಕ್ಕಿ ಆಗ್ಲಿಲ್ಲ. ನಾನೇ ನಿಂತು ಫರ್ಸಿ ಹಾಕೀನಿ."

"ಸತ್ತಿರಲಿಲ್ಲ! ಮಲಗಿದ್ದವು! ನಮ್ಮಮ್ಮನ ಗಿಡ, ಇನ್ನೆಲ್ಲೂ ಇಲ್ಲ!" ಎಂದು ಕಿರುಚಿಬಿಟ್ಟೆ. ಹಿರಿಯರೆಂಬುದನ್ನೂ ನೋಡಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಅವರ ಹೆಂಡತಿ ಶಮೀಮ್ ಆಪಾ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡು ನಿಂತರು.

ಮರುದಿನ ಬೆಳಿಗ್ಗೆ ಸಾಹೇಬರು ಹಾರೆ ಹಿಡಿದು ಒಬ್ಬರೇ ಬಂದರು. ಎರಡು ವಾರದ ಹಿಂದೆ ತಾವೇ ಕೂರಿಸಿದ ಕಲ್ಲನ್ನು ಮೀಟಿ ಎತ್ತಿದರು. ಬೆಂದ ಗಡ್ಡೆ ನೋಡಲು ಮನಸ್ಸಿಲ್ಲದೆ ಮುಖ ತಿರುಗಿಸಿದ್ದೆ.

"ಕೈ ಇಡ್ರಿ ಇಲ್ಲಿ," ಎಂದರು.

ಇಟ್ಟೆ. ಆ ಮೇ ತಿಂಗಳಲ್ಲಿ, ಆ ಊರಲ್ಲಿ, ಮಣ್ಣು ತಣ್ಣಗಿತ್ತು. ಒಳಗೆ ಆರೂ ಗಡ್ಡೆ ಗಟ್ಟಿಯಾಗಿ, ಬೆಳ್ಳುಳ್ಳಿಯಷ್ಟು ಬೆಳ್ಳಗೆ ಕೂತಿದ್ದವು.

"ಫರ್ಸಿ ಬುಡಕ ಥಂಡ ಇರ್ತದ್ರಿ. ಗಣ್ಯಾಗ ನಾವು ಮಧ್ಯಾಹ್ನದ ನೀರಿನ ಕೊಡ ಕಲ್ಲಿನ ಬುಡಕೇ ಇಡ್ತಿದ್ವಿ. ನೀವು ಬಿಸಿಲಾಗ ನೀರು ಹಾಕಿ ಕುದಿಸಲಿಕತ್ತಿದ್ರಿ."

ಎರಡು ವರ್ಷ ಅಮ್ಮನ ಗಡ್ಡೆಗಳನ್ನು ಕೊಲ್ಲುತ್ತಿದ್ದವಳು ನಾನೇ. ಸಾಹೇಬರು ಉಳಿಸಿದ್ದರು, ಅದೂ ಗೊತ್ತಿಲ್ಲದೆ. ಕ್ಷಮೆ ಕೇಳಲು ಹೋಗಿ ಅತ್ತುಬಿಟ್ಟೆ. ಅವರು ಮಾತ್ರ ಉಳಿ ತೆಗೆದುಕೊಂಡು ಕೂತು, ಒಂದೊಂದು ಗಡ್ಡೆಯ ನೇರಕ್ಕೆ ಕಲ್ಲಿನಲ್ಲಿ ತಟ್ಟೆಯಗಲದ ತೂತು ಕೊರೆದರು. ಬೇರಿಗೆ ನೆರಳು, ಎಲೆಗೆ ಬಿಸಿಲು.

ಈ ವರ್ಷ ಹೂ ಬಂದವು. ಆಪಾ ಓಣಿಯನ್ನೆಲ್ಲ ಕರೆದು, "ಕಲ್ಲಾಗ ಹೂ ಬಿಟ್ಟಾವ ಬರ್ರಿ" ಎಂದು ತೋರಿಸಿದರು. ಆ ಸುವಾಸನೆಗೆ ಒಂದು ಗಳಿಗೆ ನಾನು ಮಡಿಕೇರಿಯಲ್ಲಿದ್ದೆ, ಕಣ್ಣು ಬಿಟ್ಟರೆ ಶಹಾಬಾದು.

ಕಳೆದ ವಾರ ಊರಿಗೆ ವರ್ಗದ ಆದೇಶ ಬಂತು. ನಾನೇ ಅರ್ಜಿ ಹಾಕಿ ಬೇಡಿಕೊಂಡದ್ದು. ತಮ್ಮನಿಗೆ ಫೋನು ಮಾಡಿ, ಕಾಂಕ್ರೀಟಿನ ಮೂಲೆಯಲ್ಲಿ ಒಂದು ಮೊಳ ಒಡೆಸು, ಅಮ್ಮನ ಲಿಲ್ಲಿ ತರುತ್ತೇನೆ ಎಂದೆ.

"ಹುಚ್ಚಾ ಅಕ್ಕಾ? ಹೊಸದಾಗಿ ಹಾಕಿಸಿದ್ದು, ಯಾರಾದರೂ ಒಡೆಯುತ್ತಾರಾ?" ಎಂದ.

ಇದನ್ನು ಬರೆಯುವಾಗ ಹೊರಗೆ ಉಳಿಯ ಸದ್ದು ಕೇಳುತ್ತಿದೆ. ನಾನು ರೈಲಿನಲ್ಲಿ ಒಯ್ಯಲೆಂದು ಸಾಹೇಬರು ಸಣ್ಣದೊಂದು ಫರ್ಸಿಗೆ ತೂತು ಕೊರೆಯುತ್ತಿದ್ದಾರೆ. "ನಿಮ್ಮೂರಾಗ ಮಣ್ಣಿಗೇನು ಕಮ್ಮಿರಿ, ಮ್ಯಾಲ ಇದೊಂದು ಇಟ್ಟುಬಿಡ್ರಿ" ಎಂದರು. ನಾನು ಹೂಂ ಎಂದೆ. ಆ ಕಲ್ಲಿನ ಕೆಳಗೆ ಇಡಲು ನಮ್ಮೂರಲ್ಲಿ ನನಗೆ ಮಣ್ಣಿಲ್ಲ ಎಂದು ಹೇಳಲಾಗಲಿಲ್ಲ.